ಬೀದರ್ ಪ್ರಸ್ಥಭೂಮಿ: ಮುಗಿಲು ನೋಡಿ ಹೊರಡಬೇಕಾದ ಎತ್ತರದ ಊರು

ಕರ್ನಾಟಕದ ಭೂಪಟದ ತುತ್ತತುದಿಯಲ್ಲಿ, ತೆಲಂಗಾಣ ಮತ್ತು ಮಹಾರಾಷ್ಟ್ರಗಳ ನಡುವೆ ಚಾಚಿಕೊಂಡಿರುವ ಬೀದರ್ ಜಿಲ್ಲೆಯೆಂದರೆ ರಾಜ್ಯದ ದಕ್ಷಿಣ ಭಾಗದ ನಗರವಾಸಿಗಳ ಕಣ್ಣಮುಂದೆ ಬರುವುದು ಬಿಸಿಲು, ಧೂಳು ಮತ್ತು ತೊಗರಿ ಹೊಲ. ಕಲಬುರಗಿಯ ಬೇಸಿಗೆಯನ್ನೇ ಇನ್ನಷ್ಟು ಉತ್ತರಕ್ಕೆ ಎಳೆದು ಬೀದರಿಗೂ ಹಚ್ಚುವ ಈ ಕಲ್ಪನೆ ಅರ್ಧ ಮಾತ್ರ ನಿಜ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದ್ದರೆ ಬೀದರ್ ನಗರ ಸುಮಾರು 2,300 ಅಡಿ ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ಕುಳಿತಿದೆ. ಇಲ್ಲಿ 1901ರ ಜನವರಿ 5ರಂದು 2.9 ಡಿಗ್ರಿ ಸೆಲ್ಸಿಯಸ್‌ನಷ್ಟು ಕನಿಷ್ಠ ಉಷ್ಣಾಂಶವೂ, 1931ರ ಮೇ 8ರಂದು 43.3 ಡಿಗ್ರಿಯ ಗರಿಷ್ಠ ಉಷ್ಣಾಂಶವೂ ದಾಖಲಾಗಿವೆ. ಈ ಎರಡು ಅಂಕಿಗಳ ನಡುವೆ ಆಲಿಕಲ್ಲು, ಸಿಡಿಲು, ದಿಢೀರ್ ಮಳೆ, ಮುಂಜಾವಿನ ಮಂಜು ಎಲ್ಲವೂ ಸೇರಿವೆ.

ಆಲ್ಪ್ಸ್ ಪರ್ವತದ ಪ್ರವಾಸಿ ಹಳ್ಳಿಗಳಲ್ಲಿ ಬೆಳಿಗ್ಗೆ ಎದ್ದವರು ಮೊದಲು ಶಿಖರದ ಕಡೆ ನೋಡುತ್ತಾರೆ. ಅದು ಮೋಡ ಮುಚ್ಚಿದ್ದರೆ ಅಂದಿನ ಯೋಜನೆಯನ್ನೇ ಬದಲಿಸುತ್ತಾರೆ. ಬೀದರಿನಲ್ಲಿ ಹಿಮವಿಲ್ಲ, ಶಿಖರವೂ ಇಲ್ಲ. ಆದರೆ ಆಕಾಶವನ್ನು ಕೇಳಿ ದಾರಿ ಹಿಡಿಯುವ ಅದೇ ಅಭ್ಯಾಸ ಇಲ್ಲಿಯೂ ಅಗತ್ಯ. ಯಾವ ಸ್ಮಾರಕವನ್ನು ಯಾವ ಹೊತ್ತಿನಲ್ಲಿ ನೋಡಬೇಕು, ಭಾಲ್ಕಿಗೆ ಎಂದು ಹೋಗಬೇಕು, ಔರಾದಿಗೆ ಹೋದವರು ಯಾವಾಗ ಹಿಂದಿರುಗಬೇಕು ಎಂಬುದನ್ನು ಪ್ರವಾಸಿ ಕೈಪಿಡಿಗಿಂತ ಇಲ್ಲಿನ ಹವೆಯೇ ಹೆಚ್ಚು ಸರಿಯಾಗಿ ಹೇಳುತ್ತದೆ. ಆ ಮಾತನ್ನು ಕೇಳಿಸಿಕೊಳ್ಳದಿದ್ದರೆ ಏನಾದೀತು ಎಂಬುದಕ್ಕೆ ಎರಡು ದೊಡ್ಡ ಸಾಕ್ಷಿಗಳು ಇದೇ ಊರಿನಲ್ಲಿ ಒಡೆದು ನಿಂತಿವೆ.

ಕಲ್ಲು ಕುಡಿದ ನೀರು

ಬೀದರಿನ ಹವೆಯನ್ನು ಅರಿಯಲು ಅದರ ಕಲ್ಲನ್ನು ಮೊದಲು ಅರಿಯಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಡಿದ ಲಾವಾ ಹೆಪ್ಪುಗಟ್ಟಿ ಆದ ಕರಿಯ ಬಸಾಲ್ಟ್ ಶಿಲೆ ತಳದಲ್ಲಿದೆ. ಅದರ ಮೇಲ್ಭಾಗ ಕಾಲಾಂತರದಲ್ಲಿ ಬಿಸಿಲು ಮಳೆಗಳಿಗೆ ಶಿಥಿಲವಾಗಿ ತೂತುತೂತಾದ ಕೆಂಪು ಕಲ್ಲಾಗಿದೆ. ಇದೇ ಜಂಬಿಟ್ಟಿಗೆ, ಅಂದರೆ ಲ್ಯಾಟರೈಟ್. ಫ್ರಾನ್ಸಿಸ್ ಬುಕನನ್ ಎಂಬ ಬ್ರಿಟಿಷ್ ವೈದ್ಯ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ವರದಿಯಲ್ಲಿ ಮಲಬಾರಿನ ಅಂಗಾಡಿಪುರದ ಕಲ್ಲಿಗೆ ಈ ಹೆಸರನ್ನು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದೇ ಅರ್ಥ. ನಮ್ಮ ಜನ ಅದಕ್ಕೂ ಮೊದಲೇ ಅದನ್ನು ಇಟ್ಟಿಗೆಯ ಹೆಸರಿನಿಂದಲೇ ಕರೆಯುತ್ತಿದ್ದರೆಂಬುದು ಸ್ವಾರಸ್ಯದ ಸಂಗತಿ.

ಜಂಬಿಟ್ಟಿಗೆಯ ಗುಣವೆಂದರೆ ಮಳೆ ನೀರನ್ನು ಸ್ಪಂಜಿನಂತೆ ಹೀರುವುದು. ಹೀರಿದ ನೀರು ಕೆಳಗಿಳಿದು, ತಳದ ಜೇಡಿ ಪದರ ಮತ್ತು ಬಸಾಲ್ಟ್ ತಲುಪಿದಾಗ ಮುಂದೆ ಹೋಗಲಾರದೆ ಅಡ್ಡಕ್ಕೆ ಹರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊಮ್ಮುತ್ತದೆ. ಪಾಪನಾಶ, ಝರಣಿ ನರಸಿಂಹ, ಗುರುನಾನಕ್ ಝೀರಾ ಇವೆಲ್ಲ ಒಂದೇ ಕಥೆಯ ಬೇರೆಬೇರೆ ಅಧ್ಯಾಯಗಳು. ಸಿಖ್ ಪರಂಪರೆಯಂತೆ, ಹದಿನಾರನೇ ಶತಮಾನದ ಆರಂಭದಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ ಜನರು ಸಿಹಿನೀರಿಲ್ಲದೆ ಬಳಲುತ್ತಿದ್ದರು. ಗುರುಗಳು ಕಲ್ಲನ್ನು ಸರಿಸಿದಾಗ ಬುಗ್ಗೆ ಚಿಮ್ಮಿತು. ಭಕ್ತರು ಅದನ್ನು ಪವಾಡವೆಂದು ನಂಬುತ್ತಾರೆ, ಭೂವಿಜ್ಞಾನಿಗಳು ಜಂಬಿಟ್ಟಿಗೆಯ ಅಂಚನ್ನು ತೋರಿಸುತ್ತಾರೆ. ಬುಗ್ಗೆಯ ನೀರು ಮಾತ್ರ ಇಬ್ಬರಿಗೂ ಒಂದೇ. ಮೊದಲ ಐವರು ಖಾಲ್ಸಾಗಳಾದ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನವರು. ಈ ಕಾರಣದಿಂದ ಪಂಜಾಬಿನಿಂದ ಬರುವ ಯಾತ್ರಿಕರ ಸಾಲು ವರ್ಷವಿಡೀ ಇರುತ್ತದೆ.

ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ಹದಿನೈದನೇ ಶತಮಾನದ ಮೂರನೇ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ್ದಕ್ಕೆ ಇತಿಹಾಸಕಾರರು ಹಲವು ಕಾರಣಗಳನ್ನು ಕೊಡುತ್ತಾರೆ. ರಾಜ್ಯದ ನಡುಭಾಗವೆಂಬುದು ಒಂದು, ಕಲಬುರಗಿಯ ಒಳಜಗಳಗಳಿಂದ ದೂರವೆಂಬುದು ಇನ್ನೊಂದು. ತಂಪಾದ ಹವೆ ಮತ್ತು ಸಿಹಿನೀರು ಎಂಬ ಕಾರಣವನ್ನು ಮಾತ್ರ ಬಹುತೇಕ ಯಾರೂ ಬಿಟ್ಟಿಲ್ಲ. ಒರತೆಯ ನೀರು ತಾನಾಗಿ ಹೊಮ್ಮುವುದನ್ನು ಕಾಯದೆ, ಅದನ್ನು ನೆಲದೊಳಗಿನಿಂದಲೇ ಸುರಂಗ ತೋಡಿ ಹೊರತರುವ ಪರ್ಷಿಯಾದ ಕರೇಜ್ ತಂತ್ರವನ್ನೂ ಆ ಕಾಲದಲ್ಲಿ ಇಲ್ಲಿಗೆ ತರಲಾಯಿತು. ನೌಬಾದ್ ಬಳಿಯ ಸುರಂಗ ಬಾವಿ ಇವುಗಳಲ್ಲಿ ಪ್ರಸಿದ್ಧವಾದುದು. ಸುರಂಗದ ಉದ್ದಕ್ಕೂ ನೆಲದಿಂದ ಕೆಳಕ್ಕಿಳಿಯುವ ಗಾಳಿಬಾವಿಗಳ ಸಾಲು ಇದೆ. ನೌಬಾದಿನದಲ್ಲದೆ ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಜಾಲಗಳೂ ಇವೆ. ದೀರ್ಘಕಾಲ ಹೂಳು, ಕಸ, ಕಟ್ಟಡಗಳ ಅಡಿಯಲ್ಲಿ ಮರೆತುಹೋಗಿದ್ದ ಈ ಜಾಲವನ್ನು ಕೇರಳದ ಭೂಗೋಳತಜ್ಞ ವಿ. ಗೋವಿಂದನ್‌ಕುಟ್ಟಿ ಮತ್ತಿತರರು ನಕ್ಷೆಗಿಳಿಸಿದರು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2014ರ ತನ್ನ ಗಮನಪಟ್ಟಿಯಲ್ಲಿ ಬೀದರಿನ ಐತಿಹಾಸಿಕ ನಗರವನ್ನು ಸೇರಿಸಿದ ಮೇಲೆ ಹೂಳೆತ್ತುವ ಕೆಲಸಕ್ಕೆ ಬಲ ಬಂದಿತು. ಅದೇ ವರ್ಷ ದಖ್ಖನ್ ಸುಲ್ತಾನರ ಕೋಟೆ ಮತ್ತು ಸ್ಮಾರಕಗಳ ಸಮೂಹದೊಂದಿಗೆ ಬೀದರ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನೂ ಸೇರಿತು.

ಕರೇಜ್ ನೋಡಲು ಹೋಗುವವರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ಸುರಂಗದ ಜೀವ ಮಳೆಯಲ್ಲಿದೆ, ಅಪಾಯವೂ ಮಳೆಯಲ್ಲೇ ಇದೆ. ಮಳೆಗಾಲ ಚೆನ್ನಾಗಿ ನಡೆದ ವರ್ಷದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬಾಯಿಯ ಬಳಿ ನೀರು ತಿಳಿಯಾಗಿ ಹರಿಯುವುದನ್ನು ಕಾಣಬಹುದು. ಜೋರು ಮಳೆಯ ದಿನ ಅಥವಾ ಅದರ ಮರುದಿನ ಒಳಗಿಳಿಯುವ ಸಾಹಸ ಸಲ್ಲದು. ಕೆಂಪು ಕಲ್ಲು ನೆನೆದಾಗ ಜಾರುತ್ತದೆ, ತೆರೆದ ಗಾಳಿಬಾವಿಗಳ ಅಂಚು ಹುಲ್ಲಿನಲ್ಲಿ ಕಾಣದು.

ಎರಡು ಸಿಡಿಲು

ಬೀದರ್ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 850 ಮಿಲಿಮೀಟರ್ ಮಳೆಯಾಗುತ್ತದೆ. ಮಲೆನಾಡಿನವರಿಗೆ ಇದು ಲೆಕ್ಕಕ್ಕೇ ಬಾರದ ಮಳೆ. ಆದರೆ ಅದು ಬೀಳುವ ರೀತಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮಾರುತವೇ ಇದರ ಬಹುಪಾಲನ್ನು ತರುತ್ತದೆ. ಅದೂ ದಿನವಿಡೀ ಜಿನುಗುವ ಮಳೆಯಾಗಿ ಅಲ್ಲ, ಹಲವು ದಿನ ಬಿಸಿಲು ಕಾದು, ಒಂದು ಸಂಜೆ ಮುಗಿಲು ಕಪ್ಪಾಗಿ, ಗಂಟೆ ಎರಡು ಗಂಟೆಗಳಲ್ಲಿ ಸುರಿದು ಹೋಗುವ ಮಳೆಯಾಗಿ. ಮಾರ್ಚ್‌ನಿಂದ ಮೇವರೆಗಿನ ಮುಂಗಾರು ಪೂರ್ವದ ಅವಧಿ ಇನ್ನೂ ಚಂಚಲ. ನೆಲ ಕಾದು ಮೇಲೇಳುವ ಬಿಸಿಗಾಳಿಗೆ ಸಮುದ್ರದ ಕಡೆಯಿಂದ ಬರುವ ತೇವ ಸೇರಿದರೆ ಮಧ್ಯಾಹ್ನದ ನಂತರ ಗೋಪುರದಂತಹ ಮೋಡಗಳು ಕಟ್ಟುತ್ತವೆ. ಅವು ಗುಡುಗು, ಸಿಡಿಲು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲನ್ನು ಹೊತ್ತು ಬರುತ್ತವೆ.

2014ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಮರಾಠವಾಡ ಮತ್ತು ಅದಕ್ಕೆ ಅಂಟಿಕೊಂಡ ಉತ್ತರ ಕರ್ನಾಟಕದ ಭಾಗಗಳಲ್ಲಿ ಸುರಿದ ಆಲಿಕಲ್ಲು ಕೊಯ್ಲಿಗೆ ನಿಂತ ಬೆಳೆಯನ್ನು ನೆಲಕಚ್ಚಿಸಿತು. 2023ರ ಮಾರ್ಚ್ ಮಧ್ಯದಲ್ಲಿ ಬೀದರಿನ ನೆರೆಯ ವಿಕಾರಾಬಾದ್ ಜಿಲ್ಲೆಯ ಮರ್ಪಲ್ಲಿ ಸುತ್ತಮುತ್ತ ನೆಲವೇ ಬೆಳ್ಳಗಾದಾಗ ಅದರ ಚಿತ್ರಗಳಿಗೆ ‘ಕಾಶ್ಮೀರ’ವೆಂಬ ಹೆಸರು ಕೊಟ್ಟು ಜನ ಹಂಚಿಕೊಂಡರು. ಪ್ರವಾಸಿಗೆ ಕಾಶ್ಮೀರವೆನಿಸುವ ಈ ದೃಶ್ಯ ಹೊಲದ ಒಡೆಯನಿಗೆ ಒಂದು ವರ್ಷದ ಅನ್ನ ಹೋದ ದೃಶ್ಯ ಎಂಬುದನ್ನು ಕ್ಯಾಮೆರಾ ಹಿಡಿದವರು ನೆನಪಿಡುವುದು ಲೇಸು.

ಸಿಡಿಲಿನ ಮಾತಿಗೆ ಬಂದರೆ, ಬೀದರಿನಷ್ಟು ಸ್ಪಷ್ಟವಾಗಿ ಅದರ ಕೈಬರಹವನ್ನು ತೋರಿಸುವ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಮೊದಲನೆಯದು ಹಳೆಯ ಊರಿನ ನಡುವೆ ಇರುವ ಮಹಮೂದ್ ಗವಾನ್ ಮದರಸಾ. ಪರ್ಷಿಯಾದ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯ ಮೂರು ಅಂತಸ್ತಿನದು. ಮುಂಭಾಗವಿಡೀ ಬಣ್ಣದ ಗಾಜುಲೇಪಿತ ಹೆಂಚುಗಳಿಂದ ಮುಚ್ಚಿತ್ತು. ಸುಳ್ಳು ಆರೋಪಕ್ಕೆ ಗುರಿಯಾಗಿ ಗವಾನ್ 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಹತನಾದ. ಕಟ್ಟಡ ಅವನ ನಂತರವೂ ಎರಡು ಶತಮಾನ ನಿಂತಿತ್ತು. ಔರಂಗಜೇಬನ ಕಾಲದಲ್ಲಿ ಬೀದರ್ ಮೊಗಲರ ಕೈಸೇರಿದ ಮೇಲೆ ಮದರಸಾದ ಕೋಣೆಗಳಲ್ಲಿ ಸೈನಿಕರನ್ನು ಇರಿಸಿ, ಮದ್ದುಗುಂಡನ್ನೂ ಶೇಖರಿಸಲಾಯಿತು. 1696ರಲ್ಲಿ ಸಿಡಿಲು ಬಡಿದು ಆ ಮದ್ದು ಸ್ಫೋಟಿಸಿತು ಎಂಬುದು ಪ್ರಚಲಿತ ದಾಖಲೆ. ಮುಂಭಾಗದ ಅರ್ಧ ಮತ್ತು ಎರಡು ಮಿನಾರುಗಳಲ್ಲಿ ಒಂದು ಅಂದೇ ಹೋದವು. ಇಂದು ಒಂಟಿಯಾಗಿ ನಿಂತ ಉಳಿದ ಮಿನಾರನ್ನೂ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ ಹೆಂಚಿನ ಚೂರುಗಳನ್ನೂ ನೋಡುವವರಿಗೆ ಆಕಾಶದ ತಪ್ಪೆಷ್ಟು, ಗ್ರಂಥಾಲಯದ ಮಗ್ಗುಲಲ್ಲಿ ಮದ್ದು ತುಂಬಿದವರ ತಪ್ಪೆಷ್ಟು ಎಂಬ ಪ್ರಶ್ನೆ ಬಾರದೆ ಇರದು.

ಎರಡನೆಯದು ನಗರದಿಂದ ಸುಮಾರು 3 ಕಿಲೋಮೀಟರ್ ಪೂರ್ವಕ್ಕೆ, ಪ್ರಸ್ಥಭೂಮಿಯಿಂದ ಕೆಳಗಿಳಿದ ಬಯಲಿನಲ್ಲಿರುವ ಅಷ್ಟೂರು ಗ್ರಾಮದಲ್ಲಿದೆ. ಬಹಮನಿ ಅರಸರ ಗೋರಿಗಳು ಇಲ್ಲಿ ಸಾಲಾಗಿ ನಿಂತಿವೆ. ಸುತ್ತ ಎತ್ತರದ ಬೇರಾವ ವಸ್ತುವೂ ಇಲ್ಲದ ಬಯಲಿನಲ್ಲಿ ಗುಮ್ಮಟಗಳೇ ಶಿಖರಗಳು. 1461ರಲ್ಲಿ ತೀರಿಕೊಂಡ, ಕ್ರೂರಿಯೆಂದೇ ಹೆಸರಾದ ಹುಮಾಯೂನ್ ಷಾನ ಗೋರಿಗೆ 1882ರಲ್ಲಿ ಸಿಡಿಲು ಬಡಿದು ಗುಮ್ಮಟ ಸೀಳಿತು. ಈಗ ಅರ್ಧ ಗುಮ್ಮಟವಷ್ಟೇ ಉಳಿದು, ಕೊಯ್ದಿಟ್ಟ ಹಣ್ಣಿನಂತೆ ಗೋಡೆಯ ದಪ್ಪ, ಇಟ್ಟಿಗೆಯ ಜೋಡಣೆ, ಒಳಬಾಗು ಎಲ್ಲವನ್ನೂ ತೆರೆದು ತೋರಿಸುತ್ತದೆ. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಇಂಥ ಪಾಠ ಬೇರೆಲ್ಲೂ ಸಿಗದು. ಆದರೆ ಇದೇ ದೃಶ್ಯ ಇನ್ನೊಂದು ಪಾಠವನ್ನೂ ಹೇಳುತ್ತದೆ. ಗುಡುಗು ಕೇಳಿಬಂದಾಗ ಈ ಬಯಲಿನಲ್ಲಿ ಅಡ್ಡಾಡುವವರು, ಒಂಟಿ ಮರದ ಕೆಳಗೆ ನಿಲ್ಲುವವರು ತಾವೇ ಗುಮ್ಮಟವಾಗುತ್ತಾರೆ. ಉತ್ತರ ಕರ್ನಾಟಕದಲ್ಲಿ ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳುಗಳಲ್ಲಿ ಕುರಿಗಾಹಿಗಳು, ಹೊಲದ ಕೂಲಿಗಳು ಸಿಡಿಲಿಗೆ ಬಲಿಯಾಗುವ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತಲೇ ಇರುತ್ತದೆ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಎಣಿಕೆ 30ಕ್ಕಿಂತ ಕಡಿಮೆಯಿದ್ದರೆ ಕಟ್ಟಡದೊಳಗೋ ಮುಚ್ಚಿದ ಕಾರಿನೊಳಗೋ ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ‘ದಾಮಿನಿ’ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಎಂಬ ಮೊಬೈಲ್ ತಂತ್ರಾಂಶಗಳು ಈ ಮುನ್ನೆಚ್ಚರಿಕೆಗೆಂದೇ ರೂಪುಗೊಂಡವು.

ಮಳೆ ನಿಲ್ಲಲೆಂದು ಕಾದ ಪ್ರವಾಸಿ

ಬೀದರಿನ ಬಗ್ಗೆ ಬರೆದ ಅತ್ಯಂತ ಹಳೆಯ ವಿದೇಶಿ ಪ್ರವಾಸಿಗಳಲ್ಲಿ ರಷ್ಯಾದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್ ಪ್ರಮುಖ. ಹದಿನೈದನೇ ಶತಮಾನದ ಎಪ್ಪತ್ತರ ದಶಕದ ಆಸುಪಾಸಿನಲ್ಲಿ, ಮಾರಲೆಂದು ಒಂದು ಕುದುರೆಯೊಂದಿಗೆ ಕೊಂಕಣದ ಚೌಲ್ ಬಂದರಿಗೆ ಇಳಿದ ಆತ ಘಟ್ಟ ಹತ್ತಿ ಜುನ್ನಾರ್ ತಲುಪುವಷ್ಟರಲ್ಲಿ ಮಳೆಗಾಲ ಹಿಡಿಯಿತು. ನಾಲ್ಕು ತಿಂಗಳು ಹಗಲಿರುಳೆನ್ನದೆ ನೀರು ಮತ್ತು ಕೆಸರು ಇರುವ ದೇಶವಿದೆಂದು ಬೆರಗಾದ ಆತ ಅಲ್ಲಿಯೇ ತಂಗಿ, ನಂತರ ಬೀದರಿನ ದಾರಿ ಹಿಡಿದ. ಕುದುರೆ ಕೊನೆಗೆ ಮಾರಾಟವಾದುದು ಬೀದರಿನಲ್ಲಿಯೇ. ಸುಲ್ತಾನನ ಅರಮನೆಯ ಏಳು ಬಾಗಿಲುಗಳು, ಕಾವಲುಗಾರರು, ಹಬ್ಬದ ದಿನದ ಆನೆಗಳ ಮೆರವಣಿಗೆ ಆತನ ಬರಹದಲ್ಲಿವೆ. ಆಳಂದದ ದೊಡ್ಡ ಜಾತ್ರೆಯ ವಿವರವೂ ಇದೆ. ಐದೂವರೆ ಶತಮಾನದ ನಂತರ ರಸ್ತೆ ಡಾಂಬರಾಗಿದೆ, ರೈಲು ಬಂದಿದೆ. ಮಳೆ ಹೊರಪಾದ ಮೇಲೆ ಬೀದರ್ ನೋಡಬೇಕೆಂಬ ನಿಕಿತಿನ್ನನ ಕ್ರಮ ಮಾತ್ರ ಹಳತಾಗಿಲ್ಲ.

ಹವೆಗೆ ತಕ್ಕಂತೆ ನಗರ

ಪ್ರವಾಸಿ ಕೈಪಿಡಿಗಳೆಲ್ಲ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬೀದರ್ ಚೆಂದವೆನ್ನುತ್ತವೆ. ಡಿಸೆಂಬರ್‌ನಲ್ಲಿ ಕನಿಷ್ಠ ಉಷ್ಣಾಂಶದ ಸರಾಸರಿ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಕೆಲವು ರಾತ್ರಿ ಹತ್ತಕ್ಕಿಂತ ಕೆಳಗೂ ಇಳಿಯುತ್ತದೆ. ಇದು ಸುರಕ್ಷಿತ ಸಲಹೆಯೇ ಸರಿ. ಆದರೆ ಕೋಟೆಯ ಕಂದಕದಲ್ಲಿ ನೀರು ನಿಂತು, ಕೆಂಪು ಗೋಡೆಯ ಮೇಲೆ ಹಸಿರು ಹಬ್ಬಿ, ಅಂಚಿನಿಂದ ನೋಡಿದರೆ ಕಣಿವೆಯಲ್ಲಿ ಮೋಡದ ನೆರಳು ಓಡುವ ಸೆಪ್ಟೆಂಬರ್ ತಿಂಗಳನ್ನು ಕಾಣದವರು ಈ ಊರನ್ನು ಪೂರ್ತಿ ಕಂಡಂತಲ್ಲ. ಒಂದು ದಿನ ಹೆಚ್ಚು ಇಟ್ಟುಕೊಂಡು ಬರಬಲ್ಲವರಿಗೆ ಅದೇ ಉತ್ತಮ ಕಾಲ.

ಕೋಟೆಯನ್ನು ಬೆಳಿಗ್ಗೆಯೇ ನೋಡಬೇಕು. ಮೋಡ ಕಟ್ಟುವುದು ಸಾಮಾನ್ಯವಾಗಿ ಮಧ್ಯಾಹ್ನದ ನಂತರ. ಕಲ್ಲನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ, ಅದನ್ನು ದಾಟಿದ ಮೇಲೆ 1503ರ ಷರ್ಜಾ ದರ್ವಾಜಾ, ಗುಂಬದ್ ದರ್ವಾಜಾ, ಒಳಗೆ ಹದಿನಾರು ಕಂಬದ ಮಸೀದಿ, ತಖ್ತ್ ಮಹಲ್. ಇವೆಲ್ಲ ಬಯಲಿನವು, ಬಿಸಿಲು ಮಳೆಗಳಿಗೆ ತೆರೆದವು. ಮಳೆ ಬಂದರೆ ಆಶ್ರಯಕ್ಕೂ ಕಣ್ಣಿಗೂ ಒದಗುವುದು ರಂಗೀನ್ ಮಹಲ್. ಹದಿನಾರನೇ ಶತಮಾನದಲ್ಲಿ ಅಲಿ ಬರೀದ್ ಷಾ ರೂಪಿಸಿದ ಈ ಅರಮನೆಯ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿ, ಮರದ ಕಂಬಗಳ ಕೆತ್ತನೆ ಮಬ್ಬು ಬೆಳಕಿನಲ್ಲೇ ಹೆಚ್ಚು ಮಿನುಗುತ್ತವೆ. ಇದಕ್ಕೆ ಬಹುಮಟ್ಟಿಗೆ ಬೀಗ ಹಾಕಿರುವುದರಿಂದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಿಬ್ಬಂದಿಯನ್ನು ಮೊದಲೇ ವಿನಂತಿಸಿಕೊಳ್ಳಬೇಕು.

ಕೋಟೆಯ ಮಣ್ಣಿಗೂ ಮಳೆಗೂ ಇನ್ನೊಂದು ನಂಟುಂಟು. ಬಿದ್ರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಗೆ ಬೆಳ್ಳಿಯ ತಂತಿ ಕೂರಿಸಿದ ಮೇಲೆ ಅದನ್ನು ಕಪ್ಪಾಗಿಸಲು ನವಸಾಗರದೊಂದಿಗೆ ಬಳಸುವುದು ಕೋಟೆಯ ಹಳೆಯ ಕಟ್ಟಡಗಳ ಒಳಗಿನ ಮಣ್ಣನ್ನು. ಶತಮಾನಗಳಿಂದ ಮಳೆ ಬಿಸಿಲು ತಾಕದ ಮಣ್ಣೇ ಆಗಬೇಕೆಂಬುದು ಅವರ ಮತ. ನಾಲಿಗೆಯ ಮೇಲಿಟ್ಟು ರುಚಿ ನೋಡಿ ಮಣ್ಣನ್ನು ಆರಿಸುವವರೂ ಇದ್ದಾರೆ. ಬೆಳ್ಳಿ ಬೆಳ್ಳಗೇ ಉಳಿದು ಲೋಹ ಮಾತ್ರ ಕಪ್ಪಾಗುವುದು ಈ ಮಣ್ಣಿನ ಗುಣ. 2006ರಲ್ಲಿ ಬಿದ್ರಿ ಕಲೆಗೆ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ಇದರ ಹಿರಿಯ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಮಳೆಯ ಮಧ್ಯಾಹ್ನವನ್ನು ಹೋಟೆಲಿನ ಕೋಣೆಯಲ್ಲಿ ಕಳೆಯುವ ಬದಲು ಹಳೆಯ ಊರಿನ ಬಿದ್ರಿ ಕಾರ್ಯಾಗಾರವೊಂದರಲ್ಲಿ ಕಳೆಯುವುದು ಎಷ್ಟೋ ಮೇಲು.

ಅಷ್ಟೂರಿಗೆ ಮಾತ್ರ ಬಿಸಿಲೇ ಬೇಕು. 1436ರಲ್ಲಿ ತೀರಿಕೊಂಡ ಅಹ್ಮದ್ ಷಾ ವಲಿಯ ಗೋರಿಯ ಒಳಗೋಡೆ ಮತ್ತು ಗುಮ್ಮಟದ ತುಂಬ ಕೆಂಪು, ನೀಲಿ, ಬಂಗಾರದ ಬಣ್ಣಗಳ ಚಿತ್ತಾರ ಹಾಗೂ ಲಿಪಿಕಲೆ ಇದೆ. ಒಳಗೆ ಕತ್ತಲು. ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿ ಚಿತ್ತಾರ ತೋರಿಸುವ ರೂಢಿ ಇಲ್ಲಿಯದು. ಮೋಡ ಕವಿದ ದಿನ ಕನ್ನಡಿಗೆ ಕೆಲಸವಿಲ್ಲ, ಚಿತ್ತಾರವೂ ಇಲ್ಲ. ಈ ಸುಲ್ತಾನನನ್ನು ಮುಸ್ಲಿಮರು ವಲಿಯೆಂದೂ ಹಿಂದೂಗಳಲ್ಲಿ ಹಲವರು ಅಲ್ಲಮಪ್ರಭುವಿನ ಸ್ವರೂಪವೆಂದೂ ನಂಬುತ್ತಾರೆ. ಹೋಳಿಯ ನಂತರದ ದಿನಗಳಲ್ಲಿ ಹಿಂದೂ ಪಂಚಾಂಗದ ಲೆಕ್ಕದಂತೆ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಬರುವುದು ನಡೆದುಬಂದ ಪದ್ಧತಿ. ಉರುಸು ನಡೆಯುವುದು ಸಿಡಿಲಿನ ಕಾಲದ ಆರಂಭದಲ್ಲೇ ಆದುದರಿಂದ ಜಾತ್ರೆಗೆ ಹೋಗುವವರು ಸಂಜೆಯ ಮುಗಿಲಿನ ಮೇಲೆ ಒಂದು ಕಣ್ಣಿಡಬೇಕು. ದಾರಿಯಲ್ಲಿ ಸಿಗುವ ಎಂಟು ಮೂಲೆಯ ಚೌಖಂಡಿಯನ್ನು ತಪ್ಪಿಸಿಕೊಳ್ಳಬಾರದು.

ಝರಣಿ ನರಸಿಂಹ ದೇವಾಲಯದ ವಿಷಯ ಬೇರೆ. ಗುಡ್ಡದೊಳಗಿನ ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ, ಸೊಂಟದಿಂದ ಎದೆಮಟ್ಟದವರೆಗಿನ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯಬೇಕು. ನೀರು ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ. ಜನ ಹೆಚ್ಚಾದರೆ ಉಸಿರಾಟದ ಗಾಳಿಗೂ ತೊಂದರೆ. ಸುರಕ್ಷತೆಯ ಕಾರಣದಿಂದ ಪ್ರವೇಶ ನಿಲ್ಲಿಸಿದ ಸಂದರ್ಭಗಳುಂಟು. ಆದ್ದರಿಂದ ತೆರೆದಿದೆಯೇ ಎಂದು ಊರಿನಲ್ಲೇ ವಿಚಾರಿಸಿ ಹೋಗಬೇಕು. ಹೃದಯ, ಶ್ವಾಸಕೋಶದ ತೊಂದರೆಯಿರುವವರು ಹೊರಗಿನಿಂದಲೇ ಕೈಮುಗಿಯುವುದು ಒಳಿತು.

ಭಾಲ್ಕಿಯ ಕಡೆ

ಬೀದರಿನಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದ ಭಾಲ್ಕಿಗೆ ಹೊರಟರೆ ದಾರಿಯಲ್ಲಿ ಕೆಂಪು ನೆಲ ಮುಗಿದು ಕಪ್ಪು ನೆಲ ಶುರುವಾಗುತ್ತದೆ. ಹವೆಯೂ ಒಂದಿಷ್ಟು ಬದಲಾಗುತ್ತದೆ. ಪ್ರಸ್ಥಭೂಮಿಯ ಮೇಲಿನ ಗಾಳಿ ಕೆಳಗಿಲ್ಲ. ಖಾನಾಪುರದ ಮೈಲಾರ ಮಲ್ಲಣ್ಣನ ಸನ್ನಿಧಿ ಇದೇ ದಾರಿಯಲ್ಲಿದೆ. ಚಳಿಗಾಲದ ಚಂಪಾಷಷ್ಠಿಯ ಹೊತ್ತಿಗೆ ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಬರುವ ಭಕ್ತರು ಎರಚುವ ಭಂಡಾರದಿಂದ ನೆಲವೆಲ್ಲ ಹಳದಿಯಾಗುತ್ತದೆ.

ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಮಂಜ್ರಾದ ಉಪನದಿಯಾದ ಕಾರಂಜಾಕ್ಕೆ ಕಟ್ಟಿರುವ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ ಅಡಿ. ಜಿಲ್ಲೆಯ ಮಳೆಯ ಲೆಕ್ಕ ತಿಳಿಯಲು ಇಲ್ಲಿನ ದಂಡೆಗಿಂತ ಒಳ್ಳೆಯ ಜಾಗವಿಲ್ಲ. ಒಂದು ವರ್ಷ ಬಿರುಕು ಬಿಟ್ಟ ಕೆರೆಯಂಗಳವಾಗಿ ಕಾಣುವ ನೀರಹರವು ಇನ್ನೊಂದು ವರ್ಷ ದಿಗಂತದವರೆಗೆ ತುಂಬಿರುತ್ತದೆ. ತುಂಬಿದ ವರ್ಷ ನೀರು ಬಿಡುವ ಮುನ್ಸೂಚನೆಯಿದ್ದಾಗ ಕೆಳಪಾತ್ರದ ಸಣ್ಣ ಸೇತುವೆಗಳನ್ನು ದಾಟುವ ಅವಸರ ಬೇಡ.

ಊರೊಳಗೆ ಭಾಲ್ಕೇಶ್ವರ ದೇವಾಲಯ ಮತ್ತು ಹಳೆಯ ಕೋಟೆಯ ಜೊತೆಗೆ ಹಿರೇಮಠ ಸಂಸ್ಥಾನವಿದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡಕ್ಕೆ ಜಾಗವಿಲ್ಲದಿದ್ದಾಗ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಗಡಿನಾಡಿನ ಮನೆಮನೆಗೂ ಗೊತ್ತು. ಮಳೆಯ ಕಾರಣ ಬಸ್ಸು ತಡವಾದರೆ ಆ ಮಠದ ಆವರಣದಲ್ಲಿ ಒಂದು ಗಂಟೆ ಕಳೆದದ್ದು ನಷ್ಟವಾಗದು.

ನದಿಯಾಚೆಯ ಔರಾದ್

ಔರಾದ್ ರಾಜ್ಯದ ಉತ್ತರದ ಕಟ್ಟಕಡೆಯ ತಾಲ್ಲೂಕು. ಬೀದರಿನಿಂದ ಜನವಾಡ, ಕೌಠಾ, ಸಂತಪುರಗಳ ಮೂಲಕ ಹೋಗುವ ದಾರಿ ಪ್ರಸ್ಥಭೂಮಿಯಿಂದ ಇಳಿದು ಮಂಜ್ರಾ ನದಿಯನ್ನು ದಾಟುತ್ತದೆ. ಪ್ರವಾಸಿಗಳು ತಪ್ಪು ಲೆಕ್ಕ ಹಾಕುವುದು ಇಲ್ಲಿಯೇ. ಬೀದರಿನಲ್ಲಿ ಬಿಸಿಲಿದ್ದ ಮಾತ್ರಕ್ಕೆ ನದಿ ಶಾಂತವಾಗಿದೆಯೆಂದಲ್ಲ. ಮಂಜ್ರಾ ಹುಟ್ಟುವುದು ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಸಾಲಿನಲ್ಲಿ. ಅಲ್ಲಿ ಸುರಿದ ಮಳೆಯ ನೀರು ಧನೇಗಾಂವ್ ಅಣೆಕಟ್ಟಿನಿಂದ ಬಿಡುಗಡೆಯಾಗಿ, ಲಾತೂರ್ ದಾಟಿ, ಭಾಲ್ಕಿ ಮತ್ತು ಔರಾದ್ ದಂಡೆಗಳನ್ನು ಮುಟ್ಟುವ ಹೊತ್ತಿಗೆ ಇಲ್ಲಿ ಮುಗಿಲು ತೊಳೆದಂತಿರಬಹುದು. ಇದೇ ನದಿ 2016ರ ಬೇಸಿಗೆಯಲ್ಲಿ ಎಷ್ಟು ಬತ್ತಿತ್ತೆಂದರೆ ಮೇಲ್ಪಾತ್ರದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ನಾಲ್ಕೇ ವರ್ಷದ ನಂತರ, 2020ರ ಅಕ್ಟೋಬರ್‌ನಲ್ಲಿ, ಮುಂಗಾರು ಮುಗಿಯುತ್ತಾ ಬಂದಿತೆಂದು ಎಲ್ಲರೂ ಭಾವಿಸಿದ್ದ ಹೊತ್ತಿಗೆ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ಬೀದರ್, ಕಲಬುರಗಿ ಜಿಲ್ಲೆಗಳನ್ನು ನೀರಿನಲ್ಲಿ ಮುಳುಗಿಸಿತು.

ಔರಾದಿನ ಕಪ್ಪು ಮಣ್ಣು ಒಣಗಿದಾಗ ಬಾಯಿ ಬಿಡುತ್ತದೆ, ನೆನೆದಾಗ ಹಿಡಿದುಕೊಳ್ಳುತ್ತದೆ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದ ಕಾರನ್ನು ಮಳೆ ಬಂದ ಹತ್ತು ನಿಮಿಷದಲ್ಲಿ ಎಳೆಯಲು ಎತ್ತುಗಳೇ ಬೇಕಾದೀತು. ಎತ್ತುಗಳಿಗೇನೋ ಇಲ್ಲಿ ಬರವಿಲ್ಲ. ಕಪ್ಪು ಬಿಳುಪು ಮೈಯ, ಜೋಲುಗಿವಿಯ ದೇವಣಿ ತಳಿಯ ತವರು ಬೀದರ್ ಮತ್ತು ಲಾತೂರ್ ಗಡಿಭಾಗವೇ. ಶಿವರಾತ್ರಿಯ ಹೊತ್ತಿನ ಅಮರೇಶ್ವರ ಜಾತ್ರೆಗೆ ಬರುವವರಿಗೆ ಹವೆಯ ಚಿಂತೆ ಕಡಿಮೆ. ಜಾತ್ರೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಆ ಕಾಲದಲ್ಲಿ ಕುರುಚಲು ಬಯಲುಗಳಲ್ಲಿ ಕೃಷ್ಣಮೃಗದ ಹಿಂಡುಗಳು ಕಾಣಸಿಗುವ ಸಂಭವವೂ ಉಂಟು. ಔರಾದಿಗೆ ಹೋದವರು ಮಳೆಗಾಲದಲ್ಲಿ ಮಧ್ಯಾಹ್ನ ಮೂರರೊಳಗೆ ನದಿಯ ಈಚೆಗೆ ಬರುವಂತೆ ಹೊರಡುವುದು ಕ್ಷೇಮ.

ತಲುಪುವ ಬಗೆ

ಬೀದರ್ ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರ್, ಹೈದರಾಬಾದಿನಿಂದ ಸುಮಾರು 145 ಕಿಲೋಮೀಟರ್, ಕಲಬುರಗಿಯಿಂದ ಸುಮಾರು 115 ಕಿಲೋಮೀಟರ್ ದೂರದಲ್ಲಿದೆ. 2017ರ ಅಕ್ಟೋಬರ್‌ನಲ್ಲಿ ಬೀದರ್‌–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ರಾಜ್ಯದೊಳಗಿನಿಂದಲೇ ಬರುವ ದಾರಿ ಸುಗಮವಾಯಿತು. ಅದಕ್ಕೆ ಮೊದಲು ವಿಕಾರಾಬಾದ್ ಸುತ್ತಿ ಬರಬೇಕಾಗಿತ್ತು. ಭಾಲ್ಕಿಗೆ ಉದಗೀರ್, ಲಾತೂರ್ ರೋಡ್ ಕಡೆಗಿನ ರೈಲು ಮಾರ್ಗವಿದೆ. ಔರಾದಿಗೆ ರೈಲಿಲ್ಲ, ಬಸ್ಸೇ ಗತಿ. ವಾಯುಪಡೆಯ ತರಬೇತಿ ನೆಲೆಯಾದ ಬೀದರಿನಲ್ಲಿ ನಾಗರಿಕ ವಿಮಾನಯಾನ 2020ರ ಫೆಬ್ರವರಿಯಲ್ಲಿ ಆರಂಭವಾಯಿತು. ನಡುನಡುವೆ ನಿಂತು ಮತ್ತೆ ಶುರುವಾದ ಇತಿಹಾಸ ಅದಕ್ಕಿರುವುದರಿಂದ ಹೊರಡುವ ವಾರವೇ ವಿಚಾರಿಸಿಕೊಳ್ಳಬೇಕು. ಮಾರ್ಚ್‌ನಿಂದ ಮೇವರೆಗೆ ಬರುವವರು ನೀರು ಮತ್ತು ಟೋಪಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಬರುವವರು ಜಾರದ ಪಾದರಕ್ಷೆ ಮತ್ತು ಬ್ಯಾಟರಿ ದೀಪ, ಡಿಸೆಂಬರ್, ಜನವರಿಗೆ ಬರುವವರು ಒಂದು ಉಣ್ಣೆಯ ಅಂಗಿಯನ್ನು ತರತಕ್ಕದ್ದು.